ಹಿತ್ತಲ ಕೋಳಿಗೆ ಬೇಲಿ ಬೇಕು

'ನಾಟಿಕೋಳಿಗೆ ಏನು ಖರ್ಚು? ಬೆಳಗ್ಗೆ ಬಿಟ್ಟರೆ ತಾನೇ ಮೇಯ್ಕೊಂಡು ಸಂಜೆಗೆ ತಾನೇ ಮನೆಗೆ ಬರುತ್ತೆ.' ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ ಕೋಳಿಯ ಮಾತು ಎತ್ತಿದರೆ ಮೊದಲು ಕೇಳುವುದು ಇದನ್ನೇ. ಇಲ್ಲಿನ ಗುಮಟಾಪುರದ ಜಗಲಿಯ ಮೇಲೂ ಇದೇ ಮಾತು, ರಾಜ್ಯದ ಗಡಿ ದಾಟಿ ಚಾಮರಾಜನಗರದ ಕಡೆ ಹೋದರೂ ಇದೇ ಮಾತು, ಮರಿ ಹಂಚುವ ಯೋಜನೆಗಳ ಭಾಷಣದಲ್ಲೂ ಇದೇ ಮಾತು. ಪೇಟೆಯಿಂದ ನಾಟಿಮೊಟ್ಟೆ ಹುಡುಕಿಕೊಂಡು ಬರುವವರಂತೂ ಬೇಲಿ ಕಂಡರೆ ಮುಖ ಸಿಂಡರಿಸುತ್ತಾರೆ. ಬೇಲಿಯೊಳಗೆ ಇದ್ದದ್ದು ಅವರ ಪಾಲಿಗೆ ಫಾರಂ ಕೋಳಿ. ಈ ನಂಬಿಕೆ ತಪ್ಪು. ಒಂದು ಕಾಲಕ್ಕೆ ಅದರಲ್ಲಿ ಅರ್ಧ ನಿಜವಿದ್ದಿರಬಹುದು. ಇವತ್ತಿನ ಗುಮಟಾಪುರದಲ್ಲಿ ಅದು ಹೆಂಗಸರ ದುಡಿಮೆಯನ್ನೂ ಕೋಳಿಯ ಜೀವವನ್ನೂ ಲೆಕ್ಕದಿಂದ ಹೊರಗಿಟ್ಟು ಆಡುವ ಮಾತು.

ಖರ್ಚಿಲ್ಲ ಎನ್ನುವವರು ಎಣಿಸುವುದು ಸಂಜೆ ಗೂಡು ಸೇರಿದ ಕೋಳಿಯನ್ನು ಮಾತ್ರ. ಸೇರದೆ ಹೋದದ್ದನ್ನು ಯಾರೂ ಎಣಿಸುವುದಿಲ್ಲ. ಹ್ಯಾಟೆಯೊಂದು ಹನ್ನೆರಡು ಮೊಟ್ಟೆಯ ಮೇಲೆ 21 ದಿನ ಕಾವಿಗೆ ಕೂರುತ್ತದೆ. ಮರಿ ಒಡೆದ ಮೊದಲ ವಾರದಲ್ಲೇ ಒಂದನ್ನು ಕಾಗೆ ಒಯ್ಯುತ್ತದೆ, ಎರಡನ್ನು ಗಿಡುಗ, ಇನ್ನೊಂದು ಚರಂಡಿಗೆ ಬೀಳುತ್ತದೆ, ಮತ್ತೊಂದು ಬೆಕ್ಕಿನ ಪಾಲು. ಮುಂಗುಸಿ ಬಂದ ದಿನ ಉಳಿದದ್ದೂ ಉಳಿಯುವುದಿಲ್ಲ. ಹತ್ತು ಮರಿಯಲ್ಲಿ ನಾಲ್ಕು ದಕ್ಕಿದರೆ ಪುಣ್ಯ ಎಂದು ಹಿತ್ತಲುಗಳಲ್ಲಿ ಹೇಳುತ್ತಾರೆ. ಬಿಟ್ಟು ಸಾಕುವ ಕಡೆ ಅರ್ಧಕ್ಕೂ ಹೆಚ್ಚು ಮರಿಗಳು ಎಳೆತನದಲ್ಲೇ ಸಾಯುವುದು ಪ್ರಪಂಚದ ಎಷ್ಟೋ ಬಡ ದೇಶಗಳ ಹಳ್ಳಿಗಳಲ್ಲಿ ಕಂಡುಬಂದ ಸಂಗತಿ. ಮರಿಯ ಜೊತೆಗೆ ಹೋಗುವ ಇನ್ನೊಂದು ನಷ್ಟವೂ ಇದೆ. ಕಾವಿಗೆ ಕೂತ ಮೂರು ವಾರ, ಆಮೇಲೆ ಮರಿ ಮೇಯಿಸುವ ಎರಡು ತಿಂಗಳು ತಾಯಿಕೋಳಿ ಮೊಟ್ಟೆ ಇಡುವುದಿಲ್ಲ. ನಾಟಿಕೋಳಿ ವರ್ಷಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಹನ್ನೆರಡು ಹದಿನೈದು ಮೊಟ್ಟೆ ಇಡುವ ಕೋಳಿ. ಒಂದು ಸಂಸಾರ ಹಾಳಾದರೆ ವರ್ಷದ ಕಾಲುಭಾಗ ಹಾಳಾದಂತೆ. ಇದನ್ನು ಖರ್ಚು ಎಂದು ಕರೆಯದಿದ್ದರೆ ಇನ್ನು ಯಾವುದು ಖರ್ಚು?

ಆ ಖರ್ಚನ್ನು ತೆರುವವರು ಯಾರು ಎಂಬುದೂ ಮುಖ್ಯ. ಜೋಳ ಮಾರಿದ ದುಡ್ಡು, ಕೋಸು ಮಾರಿದ ದುಡ್ಡು ಗಂಡಸಿನ ಜೇಬಿಗೆ ಹೋಗುತ್ತದೆ. ಕೋಳಿಯ ದುಡ್ಡು ಮಾತ್ರ ನಮ್ಮ ಕಡೆಯ ಮನೆಗಳಲ್ಲಿ ಹೆಂಗಸಿನದು. ಮಗಳ ಪುಸ್ತಕ, ತನ್ನ ಮಾತ್ರೆ, ತವರಿಗೆ ಹೋಗುವ ಬಸ್ ಚಾರ್ಜು ಎಲ್ಲವೂ ಆ ಸೆರಗಿನ ಗಂಟಿನಿಂದ. ಹದ್ದು ಹೊತ್ತೊಯ್ದದ್ದು ಆ ಗಂಟನ್ನು. ಅದಕ್ಕೇ ಇರಬೇಕು, ಮನೆಯ ಯಜಮಾನ ಬೋರ್‌ವೆಲ್‌ಗೆ ಲಕ್ಷ ಸುರಿಯಲು ಹಿಂದೆಮುಂದೆ ನೋಡುವುದಿಲ್ಲ, ನೂರಡಿ ಬಲೆಗೆ 'ಸುಮ್ಮನೆ ದಂಡ' ಎನ್ನುತ್ತಾನೆ.

ಬಿಟ್ಟು ಮೇಯಿಸುವ ಪದ್ಧತಿ ಹುಟ್ಟಿದ ಊರು ಬೇರೆಯೇ ಇತ್ತು. ಮನೆಯ ಸುತ್ತ ರಾಗಿ, ಹುರುಳಿ, ಅವರೆ. ಮಳೆ ನಂಬಿದ ಬೇಸಾಯ. ಕಣದಲ್ಲಿ ಉದುರಿದ ಕಾಳು, ಸಗಣಿಯಲ್ಲಿ ಹುಳ. ಈಗ ಅದೇ ನೆಲದಲ್ಲಿ ಕೋಸು, ಆಲೂಗೆಡ್ಡೆ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮುಸುಕಿನ ಜೋಳ, ಬಾಳೆ. ಒಂದೊಂದು ಬೆಳೆಗೂ ಒಂದೊಂದು ಔಷಧಿ. ಹರಳು ಔಷಧಿ ಹಾಕಿದ ಸಾಲಿನಲ್ಲಿ ಕೋಳಿ ಕೆದಕಿದರೆ ಅದಕ್ಕೆ ಹರಳೂ ಕಾಳೂ ಒಂದೇ. ಕಾರ್ಬೋಫ್ಯುರಾನ್ ಹರಳನ್ನು ಹಕ್ಕಿಗಳು ಬೀಜವೆಂದು ಆರಿಸಿ ತಿಂದು ಸಾಯುತ್ತವೆ ಎಂಬ ಕಾರಣಕ್ಕೇ ಅಮೆರಿಕದಲ್ಲಿ 1990ರ ದಶಕದಲ್ಲಿ ಅದನ್ನು ಹಿಂದಕ್ಕೆ ತೆಗೆಸಿದರು. ನಮ್ಮಲ್ಲಿ ಇಂಥದೇ ಹರಳು ಔಷಧಿ ಫೋರೇಟ್‌ಗೆ 2020ರ ಕೊನೆಗೆ ನಿಷೇಧ ಬಂತು. ಕಾರ್ಬೋಫ್ಯುರಾನ್‌ಗೆ 2023ರಲ್ಲಿ ಕಡಿವಾಣ ಬಿತ್ತಾದರೂ ಅದರ ಹರಳು ರೂಪಕ್ಕೆ ದಾರಿ ಉಳಿಯಿತು. ಬಿತ್ತನೆ ಜೋಳಕ್ಕೆ ಬಣ್ಣದ ಜೊತೆ ಲೇಪಿಸಿದ ಔಷಧಿ ಬೇರೆ ಇದೆ. ಬೆಳಗ್ಗೆ ಕೋಳಿ ಬಿಡುವ ಹೆಂಗಸಿಗೆ ಪಕ್ಕದ ಹೊಲದವರು ನಿನ್ನೆ ಏನು ಹೊಡೆದರು ಎಂದು ಗೊತ್ತಿರುವುದಿಲ್ಲ. ಮಧ್ಯಾಹ್ನ ಕೋಳಿ ಕತ್ತು ಚೆಲ್ಲಿ ಬಿದ್ದರೆ 'ರೋಗ ಬಂತು' ಎಂದುಕೊಂಡು ಸುಮ್ಮನಾಗುತ್ತಾಳೆ.

ಸಾಯದೆ ಉಳಿದ ಕೋಳಿಯ ಮೊಟ್ಟೆಯನ್ನು ಶುದ್ಧವೆಂದು ಎರಡು ಪಟ್ಟು ಬೆಲೆ ಕೊಟ್ಟು ಒಯ್ಯುವವರು ಇದನ್ನು ಯೋಚಿಸಬೇಕು. ಎಲ್ಲೆಲ್ಲಿ ಮೇಯಿತು ಎಂದು ತಿಳಿಯದ ಕೋಳಿಯ ಮೊಟ್ಟೆ ಯಾವ ಅರ್ಥದಲ್ಲಿ ಶುದ್ಧ? ಏನು ತಿಂದಿತು ಎಂದು ಎದೆ ತಟ್ಟಿ ಹೇಳಬಲ್ಲವಳು ಬೇಲಿ ಹಾಕಿದ ಹೆಂಗಸು ಮಾತ್ರ. ರುಚಿಯ ವಿಷಯಕ್ಕೂ ಇದೇ ಮಾತು. ಬಾಯ್ಲರ್ ಕೋಳಿ ಆರು ವಾರಕ್ಕೆ ಕತ್ತಿಗೆ ಹೋಗುತ್ತದೆ, ನಾಟಿ ಆರು ತಿಂಗಳೋ ಎಂಟು ತಿಂಗಳೋ ಬದುಕಿ, ಓಡಾಡಿ, ಕೆದಕಿ, ಸೊಪ್ಪು ಹುಳ ತಿಂದು ಗಟ್ಟಿಯಾಗಿರುತ್ತದೆ. ರುಚಿ ಬರುವುದು ತಳಿಯಿಂದ, ವಯಸ್ಸಿನಿಂದ, ಓಡಾಟದಿಂದ, ಮೇವಿನಿಂದ. ರಸ್ತೆ ದಾಟುವುದರಿಂದ ಬರುವುದಿಲ್ಲ.

ಇನ್ನು ಕಾಡು. ತಾಳವಾಡಿ ಬಯಲಿನ ಸುತ್ತ ಸತ್ಯಮಂಗಲದ ಕಾಡಿದೆ. ಅದು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಬಂಡೀಪುರದ ಸಾಲು. ಚಿರತೆ ನಾಯಿಗೆ, ಮೇಕೆಗೆ ಊರಂಚಿಗೆ ಬರುವುದು ಇಲ್ಲಿ ಸುದ್ದಿಯಾಗಿ ಉಳಿದಿಲ್ಲ. ಕಾಡುಬೆಕ್ಕು, ಪುನುಗು, ಮುಂಗುಸಿ, ಕೇರೆಹಾವು ಹಗಲಿಗೂ ಸರಿ, ಇರುಳಿಗೂ ಸರಿ. ಸಂಜೆಗತ್ತಲಲ್ಲಿ ಕೋಳಿ ಹುಡುಕಿಕೊಂಡು ಬೇಲಿಸಾಲು, ಬಾಳೆತೋಟ ಅಲೆಯುವವಳು ಮನೆಯ ಹೆಂಗಸು ಅಥವಾ ಶಾಲೆಯಿಂದ ಬಂದ ಮಗು. ಆನೆ ಇಳಿಯುವುದೂ ಅದೇ ಹೊತ್ತಿಗೆ. ಒಂದು ಕೋಳಿಗಾಗಿ ಮನುಷ್ಯರನ್ನು ಆ ಹೊತ್ತಿನಲ್ಲಿ ಹೊರಗೆ ಕಳಿಸುವ ಪದ್ಧತಿಯನ್ನು ಸಂಪ್ರದಾಯವೆಂದು ಹೊಗಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

'ಸ್ವತಂತ್ರವಾಗಿ ಇರಲಿ ಬಿಡಿ, ಅದರ ಜಾತಿಯೇ ಹಾಗೆ' ಎನ್ನುವವರಿಗೆ ನಮ್ಮ ಕಾಡೇ ಉತ್ತರ ಹೇಳುತ್ತದೆ. ದಿಂಬಂ ಘಾಟಿಯ 27 ತಿರುವು ಹತ್ತಿ ಬರುವವರು ಬೆಳಗಿನ ಹೊತ್ತು ರಸ್ತೆಯಂಚಿನಲ್ಲಿ ಬೂದುಬಣ್ಣದ ಕಾಡುಕೋಳಿಯನ್ನು ಕಂಡಿರಬಹುದು. ಮನೆಕೋಳಿಯ ಮೂಲ ಕೆಂಪು ಕಾಡುಕೋಳಿ. ದಕ್ಷಿಣದ ಈ ಬೂದು ಕಾಡುಕೋಳಿಯೂ ಹತ್ತಿರದ ನೆಂಟನೇ, ಮನೆಕೋಳಿಯ ಹಳದಿ ಚರ್ಮದ ಗುಣ ಇದರಿಂದಲೇ ಬಂದಿತೆಂದು 2008ರಲ್ಲಿ ವಂಶವಾಹಿ ಪರೀಕ್ಷೆಯಿಂದ ತಿಳಿಯಿತು. ಈ ಹಕ್ಕಿ ಬಯಲಿಗೆ ಬಂದರೂ ಪೊದೆಯಿಂದ ನಾಲ್ಕು ಹೆಜ್ಜೆ ದೂರ ಹೋಗುವುದಿಲ್ಲ. ಮೇಲೆ ನೆರಳು ಹಾಯ್ದರೆ ಮರುಗಳಿಗೆಗೆ ಪೊದೆಯೊಳಗೆ, ಕತ್ತಲಾದರೆ ಮರದ ಮೇಲೆ. ಬದುಕಿಡೀ ಮರೆಯನ್ನೇ ಹುಡುಕುವ ಜಾತಿ ಇದು. ಅಂಥ ಹಕ್ಕಿಯನ್ನು ಮರವಿಲ್ಲದ, ಪೊದೆಯಿಲ್ಲದ, ಕೋಸಿನ ಸಾಲುಗಳ ಬಟ್ಟಬಯಲಿಗೆ ನೂಕಿ ಅದನ್ನು ಸ್ವಾತಂತ್ರ್ಯ ಎಂದು ಕರೆಯುವುದು ಅನ್ಯಾಯ. ಮರ, ಪೊದೆ, ನೆರಳು ಇರುವ ಬೇಲಿಯೊಳಗೆ ಕೋಳಿ ಅದರ ಹುಟ್ಟುಗುಣಕ್ಕೆ ಹೆಚ್ಚು ಹತ್ತಿರವಾಗಿ ಬದುಕುತ್ತದೆ.

ಹೊರದೇಶಗಳ 'ಬಿಟ್ಟು ಸಾಕಿದ ಕೋಳಿ'ಯ ಹೆಸರು ಹೇಳಿ ಬೇಲಿಯನ್ನು ಹಳಿಯುವವರೂ ಇದ್ದಾರೆ. ಯುರೋಪಿನ ಒಕ್ಕೂಟದಲ್ಲಿ ಮೊಟ್ಟೆಯ ಮೇಲೆ ಆ ಹೆಸರು ಹಾಕಬೇಕಾದರೆ ಒಂದೊಂದು ಕೋಳಿಗೂ ಹೊರಾಂಗಣದಲ್ಲಿ 4 ಚದರ ಮೀಟರ್, ಅಂದರೆ ಸುಮಾರು 43 ಚದರ ಅಡಿ ಜಾಗ ಬೇಕು, ಹಗಲೆಲ್ಲ ಅಲ್ಲಿಗೆ ಹೋಗಲು ಬಾಗಿಲು ತೆರೆದಿರಬೇಕು, ನೆಲದ ಬಹುಪಾಲು ಹಸಿರಾಗಿರಬೇಕು. ಅಲ್ಲಿ ಅಳೆಯುವುದು ಜಾಗವನ್ನು, ಹಸಿರನ್ನು. ಆ ಜಾಗಕ್ಕೆ ಸುತ್ತ ಬೇಲಿ ಹಾಕಬೇಡಿ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಯೋಜನೆಗಳು ಅಳೆಯುವುದು ಮರಿಯ ಸಂಖ್ಯೆಯನ್ನು. ಕೇಂದ್ರದ ಹಿತ್ತಲ ಕೋಳಿ ಯೋಜನೆಯಲ್ಲಿ ಒಂದು ಬಡ ಕುಟುಂಬಕ್ಕೆ ನಾಲ್ಕು ವಾರ ಸಾಕಿದ 45 ಮರಿಗಳನ್ನು ಕಂತುಗಳಲ್ಲಿ ಕೊಡುವ ಪದ್ಧತಿ ಬಂತು. ಜೊತೆಗೆ ರಾತ್ರಿಯ ಗೂಡಿಗೆಂದು ಸ್ವಲ್ಪ ಹಣ. ಹಗಲಿನ ಅಂಗಳದ ಮಾತೇ ಅದರಲ್ಲಿ ದೊಡ್ಡದಾಗಿ ಬರಲಿಲ್ಲ, ಹಗಲಿಗೆ ಊರೇ ಇದೆಯಲ್ಲ ಎಂಬ ಅದೇ ನಂಬಿಕೆ. ಒಂದು ಹಿತ್ತಲಲ್ಲಿ ಸಿಗುವ ಹುಳ, ಹುಲ್ಲುಬೀಜ, ಅನ್ನದ ಅಗುಳು ಎಂಟು ಹತ್ತು ಕೋಳಿಗೆ ಸಾಲಬಹುದು. ಮೂವತ್ತು ನಲವತ್ತನ್ನು ಬಿಟ್ಟರೆ ಅವು ಹಸಿದು ಪಕ್ಕದವರ ಈರುಳ್ಳಿ ಮಡಿಗೆ ನುಗ್ಗುತ್ತವೆ. ಆಮೇಲೆ ಬೈಗುಳ, ಕಲ್ಲೇಟು, ಕೊನೆಗೆ ಪಂಚಾಯಿತಿ. ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಲ್ಲಲು ಕೋಳಿ ಕೆದಕಿದ ಒಂದು ಮಡಿ ಸಾಕಾಗಿದೆ.

ತಳಿಯ ಕಥೆಯಲ್ಲೂ ಇದೇ ಪಾಠ ಅಡಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ 1989ರಲ್ಲಿ ಹೊರಬಂತು. ತೂಕ ಚೆನ್ನಾಗಿತ್ತು, ಮೊಟ್ಟೆ ನಾಟಿಯ ಎರಡು ಪಟ್ಟಿಗೂ ಹೆಚ್ಚು. ಹಳ್ಳಿಗಳಲ್ಲಿ ಹೆಸರು ಮಾಡಿತು. ಆದರೆ ಆ ಭಾರದ ಮೈಯೇ ಅದಕ್ಕೆ ಮುಳುವಾಯಿತು, ಬೆಕ್ಕು ನರಿ ಬೆನ್ನಟ್ಟಿದರೆ ಹಾರಿ ತಪ್ಪಿಸಿಕೊಳ್ಳಲು ಆಗದು. 2005ರಲ್ಲಿ ಬಂದ ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ಹಾಗಾಗಿ ಹಿಂಸ್ರ ಪ್ರಾಣಿಗಳಿಂದ ತಪ್ಪಿಸಿಕೊಳ್ಳುವುದು ಸುಲಭ ಎಂಬುದು ಅದರ ಹೆಚ್ಚುಗಾರಿಕೆಯಾಗಿ ಪ್ರಚಾರವಾಯಿತು. ವಿಜ್ಞಾನಿಗಳ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಬೇಲಿ ಹಾಕುವುದನ್ನು ಬಿಟ್ಟು, ಓಡಬಲ್ಲ ಕೋಳಿಯನ್ನು ಹುಟ್ಟಿಸಬೇಕಾಗಿ ಬಂತಲ್ಲ ಎಂಬುದೇ ನನ್ನ ಸಂಕಟ. 2012ರಿಂದ 2019ರ ನಡುವೆ ದೇಶದ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು ಶೇ 46ರಷ್ಟು ಏರಿ 31.7 ಕೋಟಿ ಮುಟ್ಟಿತು ಎಂದು ಜಾನುವಾರು ಗಣತಿ ಹೇಳಿತು. ಇಷ್ಟು ಕೋಳಿ ಸಾಕುವ ದೇಶದಲ್ಲಿ ಅವುಗಳ ಹಗಲಿನ ನೆಲೆಯ ಬಗ್ಗೆ ಇನ್ನೂ 'ಬಿಟ್ಟರೆ ಆಯಿತು' ಎನ್ನುವುದೇ ನೀತಿಯಾಗಿ ನಡೆದಿದೆ.

ಬೇಲಿಯ ವಿರುದ್ಧ ಒಂದು ಗಟ್ಟಿ ಆಕ್ಷೇಪವಿದೆ: ಒಂದೇ ಕಡೆ ಕೂಡಿದರೆ ರೋಗ ಹರಡುತ್ತದೆ. ಇದನ್ನು ತಳ್ಳಿಹಾಕಲಾಗದು. ಅಕ್ಟೋಬರ್ ಮಳೆಯಲ್ಲಿ ಕೆಸರಾದ ಇಕ್ಕಟ್ಟಿನ ಅಂಗಳದಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ, ಜಂತುಹುಳ ಹೆಚ್ಚುತ್ತದೆ. ಆದರೆ ಊರಿನ ಕೋಳಿಯನ್ನೆಲ್ಲ ಒಟ್ಟಿಗೆ ಗುಡಿಸಿ ಹಾಕುವುದು ಕೊಕ್ಕರೆ ರೋಗ. 1920ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ರಾಣಿಖೇತ್ ರೋಗವೆಂದೂ ಹೆಸರು ಪಡೆದ ಈ ರೋಗ ಬಿಟ್ಟ ಕೋಳಿಗಳ ಮೂಲಕ ಮನೆಯಿಂದ ಮನೆಗೆ ಹೋಗುತ್ತದೆ. ಅದಕ್ಕೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಚುಚ್ಚುಮದ್ದು. ಲಸಿಕೆಯ ಸೀಸೆಯೊಂದು ನೂರಾರು ಕೋಳಿಗೆ ಆಗುವಂಥದ್ದು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಬೀದಿಯ ಎಲ್ಲ ಮನೆಯ ಕೋಳಿಗಳೂ ಒಂದೇ ಹೊತ್ತಿಗೆ ಕೈಗೆ ಸಿಗಬೇಕು ಎಂದಾಯಿತು. ಹೊಲದಲ್ಲಿ ಚದುರಿದ ಕೋಳಿಯನ್ನು ಹಿಡಿಯುವವರು ಯಾರು? ಲಸಿಕೆ ಹಾಕುವವರು ಬಂದ ದಿನ ಅರ್ಧ ಕೋಳಿ ಮರದ ಮೇಲೆ, ಅರ್ಧ ಮೇಯಲು ಹೋಗಿವೆ. ಬೇಲಿ ಇದ್ದಲ್ಲಿ ಈ ಕೆಲಸ ಕಾಲು ಗಂಟೆಯದು. ಕೆಸರಿಗೆ ಪರಿಹಾರವಿದೆ, ಹಿಡಿಯಲಾಗದ ಕೋಳಿಗೆ ಇಲ್ಲ.

ಆ ಪರಿಹಾರಕ್ಕೇ ಬರುತ್ತೇನೆ. ಹೇಗೆ ಕಟ್ಟಬೇಕು ಎಂದು ಹೇಳದೆ ಬೇಲಿ ಬೇಕು ಎನ್ನುವುದು ಅರ್ಧ ಮಾತು.

ಹತ್ತು ಕೋಳಿಗೆ ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ ಇರಲಿ. ನಡುವೆ ಒಂದು ಅಡ್ಡಬೇಲಿ ಹಾಕಿ ಎರಡು ಅಂಗಳ ಮಾಡಿಕೊಳ್ಳಬೇಕು. ಮೂರು ನಾಲ್ಕು ವಾರ ಒಂದರಲ್ಲಿ ಮೇಯುವಾಗ ಇನ್ನೊಂದರಲ್ಲಿ ಹುಲ್ಲು, ದಂಟು, ಹರಿವೆ ಚಿಗುರುತ್ತವೆ, ಬಿಸಿಲಿಗೆ ನೆಲ ಒಣಗಿ ಹುಳದ ಕಾಟ ತಗ್ಗುತ್ತದೆ. ನೂರಡಿ ಬಲೆ, ಎಂಟಡಿಗೊಂದು ಕಂಬ ಸಾಕು. ಇಳಿಜಾರು ನೆಲವಾದರೆ ಒಳ್ಳೆಯದು, ನೀರು ನಿಲ್ಲಕೂಡದು. ಬಾಗಿಲ ಬಳಿ ಮತ್ತು ಗೂಡಿನ ಮುಂದೆ ಒಣ ಎಲೆ, ಕಡಲೆಕಾಯಿ ಸಿಪ್ಪೆ, ತೆಂಗಿನ ನಾರಿನ ಪುಡಿ ಹರಡಿ ಆಗಾಗ ಕೆದರಿದರೆ ಕೆಸರಾಗುವುದಿಲ್ಲ.

ಬಲೆಯಲ್ಲೇ ಹೆಚ್ಚು ಜನ ಏಮಾರುವುದು. ಅಂಗಡಿಯಲ್ಲಿ ಸಿಗುವ ಆರುಮೂಲೆ ಕಣ್ಣಿನ ತೆಳು ತಂತಿಬಲೆ ಕೋಳಿಯನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ. ಕೆಳಗಿನ ಎರಡಡಿಗೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯೇ ಬೇಕು. ಮುಂಗುಸಿ, ಹೆಗ್ಗಣ, ಹಾವು ನುಗ್ಗುವುದು ಅಲ್ಲಿಂದಲೇ. ಆ ಜಾಲರಿಯನ್ನು ನೆಲದ ಮಟ್ಟದಲ್ಲಿ ಹೊರಕ್ಕೆ ಒಂದೂವರೆ ಅಡಿ ಮಡಿಸಿ ಮೇಲೆ ಕಲ್ಲು ಹೇರಬೇಕು. ಕೆರೆದು ನುಗ್ಗಲು ಬರುವ ಪ್ರಾಣಿ ಬೇಲಿಯ ಬುಡದಲ್ಲಿ ಕೆರೆಯುತ್ತದೆ, ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಇಲ್ಲ. ಬೇಲಿಯ ಎತ್ತರ ಆರಡಿ. ನಾಟಿಕೋಳಿ ಅದನ್ನೂ ಹಾರುತ್ತದೆ. ಹಾಗಾಗಿ ಮೇಲೆ ಹಳೆಯ ಮೀನುಬಲೆ ಹೊದಿಸಿ, ಅಥವಾ ಒಂದೇ ರೆಕ್ಕೆಯ ಉದ್ದಗರಿಗಳ ತುದಿ ಕತ್ತರಿಸಿ. ನೋವಾಗುವುದಿಲ್ಲ, ಗರಿ ಉದುರಿ ಹೊಸತು ಬರುತ್ತದೆ. ಹದ್ದು ಗಿಡುಗಕ್ಕೂ ಆ ಬಲೆಯೇ ತಡೆ. ಬಲೆಗೆ ಕಾಸಿಲ್ಲದಿದ್ದರೆ ಅಡ್ಡಡ್ಡಕ್ಕೆ ಹಗ್ಗ ಬಿಗಿದರೂ ಹದ್ದು ಎರಗಲು ಹಿಂಜರಿಯುತ್ತದೆ.

ಬದುಗಳ ಮೇಲೆಲ್ಲ ಹಬ್ಬಿರುವ ಲಂಟಾನ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಮೇಜು ಮಾಡಿ ಮಾರುತ್ತಾರೆ, ಬೇಲಿ ಹೆಣೆಯಲು ಅದಕ್ಕಿಂತ ಗಟ್ಟಿ ಕಡ್ಡಿ ಬೇಕಿಲ್ಲ. ಎಲೆ ಸವರಿ ಒಣಗಿಸಿ ಕಂಬದಿಂದ ಕಂಬಕ್ಕೆ ಹೆಣೆದರೆ ಹೊರಗಿನ ನಾಯಿಗೆ ಕೋಳಿ ಕಾಣುವುದಿಲ್ಲ, ಕಾಣದಿದ್ದರೆ ಅರ್ಧ ಕಾಟ ಕಡಿಮೆ. ಸ್ವಂತ ಜಮೀನಿನ ಬದುವಿನಲ್ಲಿರುವುದೇ ಬೇಕಾದಷ್ಟಾಯಿತು, ಅದಕ್ಕಾಗಿ ಕಾಡಿಗೆ ನುಗ್ಗಬಾರದು. ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು: ಈ ಬೇಲಿಗೆ ಮನೆಯ ಕರೆಂಟು ಕೊಡಬಾರದು. ಈ ಸೀಮೆಯಲ್ಲಿ ಹಾಗೆ ಕೊಟ್ಟ ತಂತಿಗೆ ಆನೆಗಳು ಸಾಯುತ್ತವೆ, ಮನುಷ್ಯರೂ ಸಾಯುತ್ತಾರೆ.

ಒಳಗೆ ಮರೆ ಬೇಕೆಂದೆನಲ್ಲ, ನುಗ್ಗೆ, ಪಪ್ಪಾಯಿ, ಕರಿಬೇವು, ಒಂದೆರಡು ಬಾಳೆ ಬುಡ ನೆಡಿ. ಕೋಳಿ ಬೇರು ಕೆದಕದಂತೆ ಬುಡದ ಸುತ್ತ ಕಲ್ಲು ಜೋಡಿಸಬೇಕು. ಸೂರಿನ ಕೆಳಗೆ ಒಂದು ಗುಂಡಿಯಲ್ಲಿ ಒಲೆಬೂದಿ, ಒಣಮಣ್ಣು, ಬೇವಿನ ಎಲೆಪುಡಿ ಹಾಕಿಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತವೆ. ಮರಿಗಳಿಗೆ ಒಂದು ಮೂಲೆಯನ್ನು ಬೇರೆ ಮಾಡಿ, ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟು ಒಳಗೆ ನುಚ್ಚು ಇಡಬೇಕು, ದೊಡ್ಡ ಕೋಳಿ ಕಿತ್ತು ತಿನ್ನುವುದು ತಪ್ಪುತ್ತದೆ. ರಾತ್ರಿಗೆ ಮಾತ್ರ ಈ ಅಂಗಳವನ್ನು ನಂಬಬಾರದು. ಕಲ್ಲು ಇಟ್ಟಿಗೆಯ, ಬೀಗ ಹಾಕುವ, ಗಾಳಿಗೆ ಜಾಲರಿ ಕಿಟಕಿ ಇರುವ ಗೂಡು ಬೇರೆಯೇ ಇರಬೇಕು, ಮಲಗಲು ಎರಡಡಿ ಎತ್ತರದಲ್ಲಿ ಅಡ್ಡಕೋಲುಗಳು ಇರಬೇಕು.

ಮೇವಿನ ಖರ್ಚು ಎಂದು ಹೆದರಿಸುವವರಿಗೆ ಗುಮಟಾಪುರದಲ್ಲಿ ಉತ್ತರ ಹೇಳುವುದು ಸುಲಭ. ಹೊರಗಿನವರಿಗೆ ಈ ಊರು ಗೊತ್ತಿರುವುದೇ ಸಗಣಿಯಿಂದ. ದೀಪಾವಳಿ ಕಳೆಯುತ್ತಿದ್ದಂತೆ ದನ ಸಾಕಿದ ಮನೆಗಳಿಂದ ಸಗಣಿ ಒಟ್ಟುಮಾಡಿ ಬೀರೇಶ್ವರನ ದೇವಸ್ಥಾನದ ಬಳಿ ರಾಶಿ ಹಾಕಿ ಗೊರೆಹಬ್ಬ ಆಡುವ ಊರಿದು. ತಿಪ್ಪೆಯ ಬೆಲೆಯನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆ ತಿಪ್ಪೆಯ ಒಂದು ಪಾಲನ್ನು ಬೇಲಿಯ ಒಳಗೆ ತನ್ನಿ ಎಂಬುದಷ್ಟೇ ನನ್ನ ಮಾತು. ಸಗಣಿ, ಕಸಕಡ್ಡಿ, ಅಡುಗೆಮನೆಯ ಸಿಪ್ಪೆ ಒಂದು ಮೂಲೆಯ ಗುಂಡಿಗೆ ಬಿದ್ದರೆ ಅದರಲ್ಲಿ ಹುಟ್ಟುವ ನೊಣದ ಮರಿ, ಗೊಣ್ಣೆಹುಳು, ಎರೆಹುಳು ಕೋಳಿಗೆ ಮಾಂಸದ ಅಂಶ ಕೊಡುತ್ತವೆ. ಕೋಳಿ ಕೆದಕಿ ಕೆದಕಿ ಗೊಬ್ಬರವನ್ನೂ ಪುಡಿ ಮಾಡಿಕೊಡುತ್ತದೆ. ಹಳೆಯ ಮಡಕೆಗೆ ಒಣಸಗಣಿ, ಹುಲ್ಲು ತುಂಬಿ ನೆನೆಸಿ ಗೆದ್ದಲಿರುವ ಕಡೆ ಕವುಚಿ ಇಟ್ಟರೆ ಬೆಳಗ್ಗೆ ಮರಿಗಳಿಗೆ ಗೆದ್ದಲಿನ ಊಟ. ಇದರ ಮೇಲೆ ದಿನಕ್ಕೆ ಎರಡು ಹೊತ್ತು ಒಂದೊಂದು ಹಿಡಿ ಜೋಳದ ನುಚ್ಚೋ ರಾಗಿಯೋ ಸಾಕಾಗುತ್ತದೆ. ಕೋಸಿನ ಹೊರ ಎಲೆಯನ್ನು ಔಷಧಿ ಹೊಡೆಯದ ಹೊಲದ್ದಾದರೆ ಮಾತ್ರ ಹಾಕಿ.

ಬೇಲಿ ಹಾಕಿದ ಮೇಲೆ ಕೋಳಿ ಹೊರಗೇ ಬರಬಾರದು ಎಂದೇನೂ ನಾನು ಹೇಳುತ್ತಿಲ್ಲ. ರಾಗಿ ಕೊಯ್ದ ಸ್ವಂತ ಹೊಲಕ್ಕೆ, ಕಣ್ಣೆದುರಿಗೆ, ಬೆಳಕಿರುವಾಗ ಬಿಡಿ. ಹಿತ್ತಲೇ ಇಲ್ಲದ ಒತ್ತೊತ್ತು ಬೀದಿಯ ಮನೆಗಳಿಗೆ ನಾಲ್ಕು ಕೋಳಿಗಿಂತ ಹೆಚ್ಚು ಬೇಡ. ಅಂಥವರಿಗೆ 45 ಮರಿ ಕೊಡುವ ಯೋಜನೆ ಅವರಿಗೂ ಒಳ್ಳೆಯದು ಮಾಡುವುದಿಲ್ಲ, ಮರಿಗಳಿಗೂ ಮಾಡುವುದಿಲ್ಲ.

ಸರ್ಕಾರಗಳಿಗೆ ಕೇಳಬೇಕಾದದ್ದು ದೊಡ್ಡದೇನಲ್ಲ. ಮರಿಯ ಸಂಖ್ಯೆಯನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ಉಳಿದ ಹಣದಲ್ಲಿ ಬಲೆ ಮತ್ತು ಕಂಬ ಕೊಡಲಿ. ಬೇಲಿ ಎದ್ದದ್ದನ್ನು ನೋಡಿದ ಮೇಲೆ ಮರಿ ಬರಲಿ. ಈರೋಡು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಗೋಬಿಚೆಟ್ಟಿಪಾಳ್ಯದಲ್ಲಿದೆ, ಅಲ್ಲಿಗೆ ಹೋಗಲು ಗುಮಟಾಪುರದವರು ಘಾಟಿ ಇಳಿಯಬೇಕು. ಚಾಮರಾಜನಗರದ ಕೇಂದ್ರ ಹರದನಹಳ್ಳಿಯಲ್ಲಿದೆ, ಹತ್ತಿರ, ಆದರೆ ಅದು ಇನ್ನೊಂದು ರಾಜ್ಯ. ಎರಡೂ ಸೇರಿ ತಾಳವಾಡಿಯಲ್ಲಿ ಒಂದು ಮಾದರಿ ಅಂಗಳ ಕಟ್ಟಿ ತೋರಿಸಲಿ. ಅಳತೆ, ಬಲೆಯ ಕಣ್ಣು, ಲಸಿಕೆಯ ದಿನ ಬರೆದ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹೆಂಗಸರ ಸಂಘಗಳ ಕೈಗೆ ಕೊಡಲಿ. ಲಸಿಕೆಗೆ ತಿಂಗಳಿಗೊಂದು ದಿನ ಗೊತ್ತುಮಾಡಿ, ಕೋಳಿ ಗೂಡಿನಿಂದ ಇಳಿಯುವ ಮುನ್ನ, ಬೆಳಗ್ಗೆ ಆರು ಗಂಟೆಗೆ ಲಸಿಕೆ ಹಾಕುವವರು ಬೀದಿಗೆ ಬರಲಿ.